ಕಾಗೆಬಂಗಾರ ಹಚ್ಚಿ, ಇಳಿಬಿಸಿಲಿಗೆ ನಿಲ್ಲಿ

ಗೋನೆಗಂಡ್ಲದ ಹತ್ತಿರದ ಗಾಜುಲದಿನ್ನೆ ಜಲಾಶಯ. ಹಂದ್ರಿ ನದಿಯ ನೀರು, ಸಂಜೆಯ ಇಳಿಬಿಸಿಲು. ಮೈಗೆ ಗ್ಲಿಟರ್ ಹಚ್ಚಿ ಫೋಟೊ ತೆಗೆಯೋಕೆ ಎಂಥಾ ಜಾಗ!

ಆದರೆ ಸ್ವಲ್ಪ ತಾಳಿ. ಮಾಮೂಲಿ ಗ್ಲಿಟರ್ ಅಂದ್ರೆ ಅಲ್ಯೂಮಿನಿಯಂ ಲೇಪದ ಪ್ಲಾಸ್ಟಿಕ್ ಹಾಳೆಯ ಚೂರು. ನೀರಿಗೆ ಬಿದ್ದರೆ ಕರಗಲ್ಲ. ಕರಕುಶಲಕ್ಕೆ ಬಳಸೋ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನ ಯುರೋಪ್ ಒಕ್ಕೂಟ 2023ರ ಅಕ್ಟೋಬರ್‌ನಲ್ಲೇ ನಿಲ್ಲಿಸ್ತು.

ನಮಗೆ ಕಾಗೆಬಂಗಾರ ಇದೆಯಲ್ಲ! ಅದೇ ಮೈಕಾ, ಅಭ್ರಕ. ನೆಲ್ಲೂರು ಸೀಮೆಯ ಗೂಡೂರು ಅದರ ಗಣಿಗಳಿಗೇ ಹೆಸರುವಾಸಿ. ಅಂಗಡಿಯಲ್ಲಿ ಕಾಸ್ಮೆಟಿಕ್ ಮೈಕಾ ಅಂತಲೇ ಕೇಳಿ. ಕಲ್ಲು ಕುಟ್ಟಿದ ಪುಡಿ ಮೈಗೆ ಬೇಡ, ಕಣ್ಣಿನ ಹತ್ತಿರವಂತೂ ಬೇಡವೇ ಬೇಡ.

ಭುಜಕ್ಕೆ ಲೋಳೆಸರದ ಜೆಲ್ ತೆಳ್ಳಗೆ ಸವರಿ. ಅದು ಅಂಟಂಟಾಗಿರುವಾಗಲೇ ಬ್ರಷ್‌ನಿಂದ ಪುಡಿ ಒತ್ತಿ, ಉಜ್ಜಬೇಡಿ. ಸೂರ್ಯ ಓರೆಯಾಗಿ ಹಿಂದಿರಲಿ. ಒಂದೊಂದು ಕಣವೂ ಪುಟ್ಟ ಕನ್ನಡಿ. ನೀವು ಅರ್ಧ ಹೆಜ್ಜೆ ಸರಿದರೆ ಈ ಕಣ ಆರಿ ಪಕ್ಕದ್ದು ಹೊತ್ತಿಕೊಳ್ಳುತ್ತೆ. ಅದಕ್ಕೇ ಒಂದೇ ಕಡೆ ನಿಂತು ತೆಗೆಯಬೇಡಿ. ಫ್ಲಾಶ್ ಬೇಡ. ಎಕ್ಸ್‌ಪೋಷರ್ ಒಂಚೂರು ಇಳಿಸಿ, ಮಿಂಚು ಬೆಳ್ಳಗೆ ಸುಟ್ಟುಹೋಗಲ್ಲ.

ಮುಗಿದ ಮೇಲೆ ನೀರಿಗಿಳಿಯಬೇಡಿ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ದಡದಲ್ಲೇ ಒರೆಸಿ. ಆ ಹತ್ತಿ ನಿಮ್ಮ ಚೀಲದಲ್ಲೇ ಮನೆಗೆ ಬರಲಿ.