ರಹೀಂ ಮೇಷ್ಟರ ಫುಟ್‌ಬಾಲ್

2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ತೆರೆಕಂಡ ಮೇಲೆ, ಅದರ ಕಥಾನಾಯಕ ನಿಜವಾಗಿಯೂ ಇದ್ದವನೇ ಎಂದು ವಾಚನಾಲಯಕ್ಕೆ ಬರುವ ಹುಡುಗರು ಕೇಳುವುದುಂಟು. ಇದ್ದರು. ಅವರು ಸಿಪಾಯಿಯಲ್ಲ, ಶ್ರೀಮಂತರಲ್ಲ, ಶಾಲಾ ಉಪಾಧ್ಯಾಯರು.

ಸೈಯದ್ ಅಬ್ದುಲ್ ರಹೀಂ 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅಲ್ಲಿಯ ತಂಡದಲ್ಲಿ ಆಡಿ ಹೆಸರು ಗಳಿಸಿದರು. ಆಮೇಲೆ ಪಾಠ ಹೇಳುವ ಕೆಲಸ ಹಿಡಿದರೂ ಚೆಂಡನ್ನು ಬಿಡಲಿಲ್ಲ. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಅಲ್ಲಿಯ ಪೊಲೀಸ್ ತಂಡವನ್ನು ತಿದ್ದುವ ಹೊಣೆ ಹೊತ್ತರು. ಮುಂಬಯಿಯ ಹಳೆಯ ಮಂದಿಗೆ ಈ ತಂಡದ ಹೆಸರು ಮರೆಯುವಂತಿಲ್ಲ. ಕೂಪರೇಜ್ ಮೈದಾನದ ರೋವರ್ಸ್ ಕಪ್ಪನ್ನು ಅದು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಹೊತ್ತೊಯ್ದಿತು.

ಅವರು ಆಟ ಕಲಿಸುತ್ತಿದ್ದ ರೀತಿಯಲ್ಲೇ ಮೇಷ್ಟರ ಗುಣ ಕಾಣುತ್ತದೆ. ನಮ್ಮವರಿಗೆ ಚೆಂಡು ಸಿಕ್ಕಿದರೆ ಒಬ್ಬನೇ ನಾಲ್ವರನ್ನು ದಾಟಿಸಿಕೊಂಡು ಹೋಗುವ ಚಪಲ. ಅದಕ್ಕೆ ರಹೀಮರು, ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಓಡಲೇಬಾರದು, ಬಂದೊಡನೆ ಇನ್ನೊಬ್ಬನಿಗೆ ಕೊಡಬೇಕು ಎಂಬ ನಿಯಮದ ಪಂದ್ಯಗಳನ್ನು ಏರ್ಪಡಿಸಿದರು. ಬಲಗಾಲಿನವನು ಎಡಗಾಲಿನಿಂದ ಮಾತ್ರ ಒದೆಯಬೇಕೆಂಬ ಪಂದ್ಯಗಳೂ ಇದ್ದವು. ಎಡಗೈಯಲ್ಲಿ ಕಾಪಿ ಬರೆಸಿದ ಹಾಗೆ! ಹುಡುಗರು ನಕ್ಕಿರಬಹುದು, ಆದರೆ ಎರಡೂ ಕಾಲು ಪಳಗಿದವನನ್ನು ಎದುರಾಳಿ ಯಾವ ಬದಿಯಲ್ಲಿ ತಡೆದಾನು?

1951ರಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಮುಖಭಂಗ. ಆ ಚಳಿಯಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯ 10–1ರಿಂದ ಬಡಿಯಿತು. ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ನಿಜ. ಆದರೆ ಒದ್ದೆ ಹುಲ್ಲಿನಲ್ಲಿ ಅದು ಜಾರುತ್ತದೆ, ಬೂಟಿನ ಎದುರು ಹೆದರುತ್ತದೆ. ಆಮೇಲೆ ಬೂಟು ಕಡ್ಡಾಯವಾಯಿತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಇದೇ ದೇಶ, ಇದೇ ಮೇಷ್ಟರು, ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಮಣಿಸಿದರು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ಅಂದಿನ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

1962ರ ಜಕಾರ್ತಾ ಕೂಟದ ಹೊತ್ತಿಗೆ ರಹೀಮರ ದೇಹವನ್ನು ಕ್ಯಾನ್ಸರ್ ಹೊಕ್ಕಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0–2ರ ಸೋಲು. ಹಿಂದಾಳು ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಅಂಥವನನ್ನು ಹೊರಗೆ ಕೂರಿಸುವುದು ವಾಡಿಕೆ. ರಹೀಮರು ಮಾತ್ರ ಅವರನ್ನು ತಂಡದ ತುದಿಗೆ, ಗೋಲು ಹೊಡೆಯುವ ಜಾಗಕ್ಕೆ ಕಳಿಸಿದರು. ಜರ್ನೈಲರು ಸೆಮಿಫೈನಲಿನಲ್ಲೂ ಗೋಲು ಹೊಡೆದರು, ಫೈನಲಿನಲ್ಲೂ ಹೊಡೆದರು.

ಸೆಪ್ಟೆಂಬರ್ 4ರಂದು ಫೈನಲಿನಲ್ಲಿ ಎದುರಾದದ್ದು ಅದೇ ಕೊರಿಯ. ಇಸ್ರೇಲ್ ಮತ್ತು ತೈವಾನುಗಳನ್ನು ಕೂಟದಿಂದ ದೂರವಿಟ್ಟುದನ್ನು ಭಾರತದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ನಮ್ಮವರ ಮೇಲೆ ಕೆರಳಿದ್ದರು. ಕ್ರೀಡಾಂಗಣ ತುಂಬ ಕೂಗಾಟ. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2–1.

ಮರುವರ್ಷ ಜೂನ್ 11ರಂದು ರಹೀಮರು ತೀರಿಕೊಂಡರು. ಫುಟ್‌ಬಾಲಿನಲ್ಲಿ ಏಷ್ಯನ್ ಕೂಟದ ಚಿನ್ನ ನಮಗೆ ಮತ್ತೆ ಬಂದಿಲ್ಲ. 1970ರಲ್ಲಿ ಬ್ಯಾಂಕಾಕಿನಿಂದ ಕಂಚು ತಂದ ತಂಡದ ತರಬೇತುದಾರರಲ್ಲಿ ಒಬ್ಬರು, ಜಕಾರ್ತಾದಲ್ಲಿ ಮೊದಲ ಗೋಲು ಹೊಡೆದಿದ್ದ ಬ್ಯಾನರ್ಜಿಯವರೇ.