ಕೋಲ್ಕತ್ತದ ಕೈರಿಕ್ಷಾ ಶ್ರಮಿಕರು: ವಲಸೆ, ದುಡಿಮೆ ಮತ್ತು ಪರವಾನಗಿ

ಮನುಷ್ಯನನ್ನು ಕೂರಿಸಿಕೊಂಡು ಮನುಷ್ಯನೇ ಎಳೆದೊಯ್ಯುವ ಗಾಡಿಯು ಭಾರತದ ಮಹಾನಗರಗಳಲ್ಲಿ ಇಂದಿಗೂ ಬೀದಿಯ ಸಾರಿಗೆಯಾಗಿ ಉಳಿದಿರುವುದು ಕೋಲ್ಕತ್ತದಲ್ಲಿ ಮಾತ್ರ. ಈ ಗಾಡಿಯ ಬಗೆಗಿನ ಬರವಣಿಗೆಯಲ್ಲಿ ಸಾಮಾನ್ಯವಾಗಿ ಎರಡು ಧೋರಣೆಗಳು ಕಂಡುಬರುತ್ತವೆ. ಒಂದು, ಅದನ್ನು ಹಳೆಯ ಕಲ್ಕತ್ತೆಯ ಚೆಲುವಿನ ಕುರುಹೆಂದು ಮೆಚ್ಚುವುದು. ಇನ್ನೊಂದು, ನಾಗರಿಕ ಸಮಾಜಕ್ಕೆ ಅಂಟಿದ ಕಳಂಕವೆಂದು ಖಂಡಿಸುವುದು. ಎರಡೂ ನೋಡುವುದು ಗಾಡಿಯನ್ನು. ಮೂಕಿಗಳ ನಡುವೆ ನಿಂತವನು ಯಾರು, ಎಲ್ಲಿಂದ ಬಂದವನು, ರಾತ್ರಿ ಎಲ್ಲಿ ಮಲಗುತ್ತಾನೆ, ಗಾಡಿ ಯಾರದು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿಯುತ್ತವೆ. ಆದರೆ ಈ ವೃತ್ತಿಯನ್ನು ನಿಲ್ಲಿಸಬೇಕೆಂಬ ಪ್ರಯತ್ನಗಳು ಮತ್ತೆ ಮತ್ತೆ ಎಡವಿರುವುದು ಈ ಪ್ರಶ್ನೆಗಳ ಮುಂದೆಯೇ.

ರಿಕ್ಷಾ ಎಂಬ ಶಬ್ದವು ಜಪಾನೀ ಭಾಷೆಯ ‘ಜಿನ್-ರಿಕಿ-ಶ’ ಎಂಬುದರಿಂದ ಬಂದಿದೆ. ಮನುಷ್ಯಬಲದ ಗಾಡಿ ಎಂಬುದು ಅದರ ಅರ್ಥ. ಜಪಾನಿನಲ್ಲಿ 1869ರ ಸುಮಾರಿಗೆ ಬಳಕೆಗೆ ಬಂದ ಈ ಗಾಡಿಯು 1880ರ ಹೊತ್ತಿಗೆ ಸಿಮ್ಲಾ ಬೆಟ್ಟದಲ್ಲಿ ಕಾಣಿಸಿಕೊಂಡಿತು. ಕಲ್ಕತ್ತೆಗೆ ಅದನ್ನು ತಂದವರು ಅಲ್ಲಿ ನೆಲೆಸಿದ್ದ ಚೀನೀ ವರ್ತಕರು. ಮೊದಲು ಸರಕು ಸಾಗಣೆಗಷ್ಟೇ ಬಳಸುತ್ತಿದ್ದ ಅವರು 1914ರಲ್ಲಿ ಪ್ರಯಾಣಿಕರನ್ನು ಒಯ್ಯಲು ಅನುಮತಿ ಕೋರಿದರು. 1919ರ ಕಲ್ಕತ್ತ ಹ್ಯಾಕ್ನಿ ಕ್ಯಾರೇಜ್ ಕಾಯಿದೆಯು ಬಾಡಿಗೆ ಕುದುರೆಗಾಡಿಗಳಂತೆಯೇ ರಿಕ್ಷಾಗಳನ್ನೂ ಪರವಾನಗಿಯ ಚೌಕಟ್ಟಿನೊಳಕ್ಕೆ ತಂದಿತು. ಅದಕ್ಕೂ ಬಹಳ ಹಿಂದೆಯೇ ಆ ನಗರವು ಮನುಷ್ಯನ ಹೆಗಲ ಮೇಲೆ ಸಂಚರಿಸುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಪಲ್ಲಕ್ಕಿ ಹೊರುತ್ತಿದ್ದವರಲ್ಲಿ ಹೆಚ್ಚಿನವರು ಒಡಿಶಾದಿಂದ ಬಂದವರು. ಪರವಾನಗಿ ಪಡೆಯಬೇಕು, ಬಿಲ್ಲೆ ಧರಿಸಬೇಕು ಎಂಬ ಹೊಸ ನಿಯಮವನ್ನು ವಿರೋಧಿಸಿ 1827ರಲ್ಲಿ ಅವರು ಕೆಲಸ ನಿಲ್ಲಿಸಿದ್ದರು. ಹೊರಗಿನಿಂದ ಬಂದ ದುಡಿಮೆಗಾರನಿಗೂ ನಗರದ ಪರವಾನಗಿಗೂ ನಡುವಿನ ಜಗಳವು ಕಲ್ಕತ್ತೆಯಲ್ಲಿ ರಿಕ್ಷಾಕ್ಕಿಂತ ಹಳೆಯದು.

ವಲಸೆಯ ನೆಲೆ

ಕೈರಿಕ್ಷಾ ಎಳೆಯುವವರಲ್ಲಿ ಬಂಗಾಳಿಗಳು ವಿರಳ. ಬಹುಪಾಲು ಜನ ಬಿಹಾರದವರು. ಝಾರ್ಖಂಡ ಮತ್ತು ಪೂರ್ವ ಉತ್ತರಪ್ರದೇಶದಿಂದ ಬಂದವರೂ ಇದ್ದಾರೆ. ಉತ್ತರ ಬಿಹಾರವು ಗಂಡಕ್, ಬಾಗಮತಿ, ಕೋಸಿ ನದಿಗಳ ನೆರೆಗೆ ಮೇಲಿಂದ ಮೇಲೆ ಈಡಾಗುವ ಪ್ರದೇಶ. ಮಣ್ಣು ಫಲವತ್ತಾದುದು, ಆದರೆ ಹಿಡುವಳಿಗಳು ಪಾಲಾಗುತ್ತ ತುಂಡುತುಂಡಾಗಿವೆ. ಊರು ಬಿಟ್ಟವರಲ್ಲಿ ಅನೇಕರು ಭೂಹೀನ ಕೂಲಿಗಳು, ಇಲ್ಲವೇ ಮನೆಯವರ ಹೊಟ್ಟೆಗೂ ಸಾಲದಷ್ಟು ನೆಲವುಳ್ಳವರು. ದಲಿತ, ಹಿಂದುಳಿದ ಹಾಗೂ ಮುಸ್ಲಿಂ ಸಮುದಾಯಗಳಿಗೆ ಸೇರಿದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹೂಗ್ಲಿ ದಡದ ಸೆಣಬಿನ ಗಿರಣಿಗಳು ಇದೇ ಸೀಮೆಯಿಂದ ಆಳುಗಳನ್ನು ಸೆಳೆದುಕೊಂಡಿದ್ದವು. ಗಿರಣಿಗಳು ಸೊರಗಿದ ಮೇಲೂ ಊರಿನಿಂದ ಹೌರಾ ನಿಲ್ದಾಣದವರೆಗಿನ ಹಾದಿ ಮುಚ್ಚಿಹೋಗಲಿಲ್ಲ. ಓದು, ಕಸಬು, ಬಂಡವಾಳ ಯಾವುದನ್ನೂ ಕೇಳದೆ ಬಂದ ಮರುದಿನವೇ ಕೈಗೆ ಕಾಸು ಕೊಡುವ ಕೆಲಸವೆಂದರೆ ರಿಕ್ಷಾ ಎಳೆಯುವುದು.

ಕನ್ನಡನಾಡಿನ ಓದುಗರಿಗೆ ಕಲಬುರಗಿ, ರಾಯಚೂರು, ಕೊಪ್ಪಳ ಭಾಗದ ‘ಗುಳೆ’ ಪರಿಚಿತವಾದುದು. ಈ ಎರಡು ವಲಸೆಗಳ ನಡುವೆ ಮುಖ್ಯವಾದ ಒಂದು ವ್ಯತ್ಯಾಸವಿದೆ. ಗುಳೆ ಹೋಗುವವರು ಬಹುಮಟ್ಟಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಕಬ್ಬು ಕಡಿಯುವ ಕೆಲಸವಂತೂ ಗಂಡ-ಹೆಂಡಿರ ಜೋಡಿಯ ಲೆಕ್ಕದಲ್ಲಿಯೇ ನಡೆಯುತ್ತದೆ. ಕೋಲ್ಕತ್ತದ ರಿಕ್ಷಾದವನು ಒಂಟಿ. ಸಂಸಾರ ಊರಲ್ಲಿ, ದುಡಿಮೆ ನಗರದಲ್ಲಿ; ಮೂವತ್ತು ನಲವತ್ತು ವರ್ಷ ಹೀಗೆಯೇ ಕಳೆದವರಿದ್ದಾರೆ. ಬಿತ್ತನೆಗೆ, ಸುಗ್ಗಿಗೆ, ಛಠ್ ಹಬ್ಬಕ್ಕೆ, ಮಗಳ ಮದುವೆಗೆ ಊರಿಗೆ ಹೋಗಿ ಬರುತ್ತಾರೆ. ಊರಲ್ಲಿ ಉಳಿದ ಹೆಂಗಸಿನ ಕಡೆಯಿಂದ ಈ ಅಗಲಿಕೆಯನ್ನು ನೋಡಿದ ದೊಡ್ಡ ಜನಪದ ಪರಂಪರೆಯೇ ಭೋಜಪುರಿಯಲ್ಲಿದೆ. ಸಾರಣ ಜಿಲ್ಲೆಯ ಭಿಖಾರಿ ಠಾಕುರ್ (1887-1971) ಅವರ ‘ಬಿದೇಸಿಯಾ’ ನಾಟಕದಲ್ಲಿ ಗಂಡ ಹೊರಟುಹೋಗುವುದು ಕಲ್ಕತ್ತೆಗೇ. ಬಿಮಲ್ ರಾಯ್ ಅವರ 1953ರ ‘ದೋ ಬೀಘಾ ಜಮೀನ್’ ಚಿತ್ರದ ರೈತನು ಸಾಲ ತೀರಿಸಿ ಹೊಲ ಉಳಿಸಿಕೊಳ್ಳಲು ರಿಕ್ಷಾ ಎಳೆಯುವುದೂ ಅಲ್ಲಿಯೇ.

ಒಂಟಿಯಾಗಿರುವುದಕ್ಕೆ ಲೆಕ್ಕಾಚಾರವೂ ಕಾರಣ. ದಿನದ ಗಳಿಕೆಯಲ್ಲಿ ನಗರದಲ್ಲಿ ಸಂಸಾರ ಹೂಡಲಾಗದು, ಆದರೆ ಒಬ್ಬನೇ ಹೊಟ್ಟೆಬಟ್ಟೆ ಕಟ್ಟಿದರೆ ಊರಿಗೆ ಒಂದಿಷ್ಟು ಕಳಿಸಬಹುದು. ಆದ್ದರಿಂದ ನಗರದಲ್ಲಿ ಅವನ ಬದುಕು ಎಷ್ಟು ಹೀನಾಯವಾಗಿ ಕಾಣುತ್ತದೆಯೋ ಅಷ್ಟರಮಟ್ಟಿಗೆ ಅದು ಅವನೇ ಹಿಡಿದ ಬಿಗಿಯ ಫಲವೂ ಹೌದು. ಈ ಅಂಶವನ್ನು ಬಿಟ್ಟು ಅವನ ವಸತಿಯನ್ನು ಮಾತ್ರ ವರ್ಣಿಸಿದರೆ ಚಿತ್ರ ಅಪೂರ್ಣವಾಗುತ್ತದೆ.

ಡೇರಾ

ರಿಕ್ಷಾದವರ ಬದುಕಿನ ಕೇಂದ್ರ ‘ಡೇರಾ’. ಅದು ಗಾಡಿಗಳನ್ನು ನಿಲ್ಲಿಸುವ ಕೊಟ್ಟಿಗೆ, ದುರಸ್ತಿಯ ಕಾರ್ಖಾನೆ ಮತ್ತು ಮಲಗುವ ತಾಣ, ಮೂರೂ ಹೌದು. ಕೆಳಗೆ ಸಾಲಾಗಿ ರಿಕ್ಷಾಗಳು. ಒಂದು ಮೂಲೆಯಲ್ಲಿ ಗಾಲಿಯ ಅರಗಳನ್ನು ಸರಿಪಡಿಸುವ ಮಿಸ್ತ್ರಿ. ಮೇಲೆ ಅಟ್ಟವಿದ್ದರೆ ಅಲ್ಲಿ, ಇಲ್ಲದಿದ್ದರೆ ಗಾಡಿಗಳ ನಡುವಿನ ಜಾಗದಲ್ಲಿ ಚಾಪೆಗಳು. ಒಂದೊಂದು ಡೇರಾದಲ್ಲಿ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಜನರು ಸೇರಿರುವುದುಂಟು. ಡೇರಾದಲ್ಲಿ ಜಾಗ ಸಿಗದವರು ಕಾಲುದಾರಿಯಲ್ಲಿ, ಇಲ್ಲವೇ ಗಾಡಿಯ ಪೀಠದಲ್ಲೇ ಮುದುಡಿ ಮಲಗುತ್ತಾರೆ. ಸ್ನಾನಕ್ಕೆ ಬೀದಿಬದಿಯ ಕೊಳಾಯಿ. ರಸ್ತೆ ತೊಳೆಯಲೆಂದು ಹೂಗ್ಲಿ ನದಿಯಿಂದ ಹರಿಸಿದ, ಶುದ್ಧೀಕರಿಸದ ನೀರು ಅದು. ಊಟ ಅನ್ನ, ಬೇಳೆ, ಆಲೂಗಡ್ಡೆಯ ಚೋಖಾ; ಹಗಲು ಹೊತ್ತಿನಲ್ಲಿ ಹುರಿಗಡಲೆ ಹಿಟ್ಟಾದ ಸತ್ತುವನ್ನು ನೀರಲ್ಲಿ ಕಲಸಿ, ಉಪ್ಪು, ಈರುಳ್ಳಿ, ಹಸಿಮೆಣಸಿನೊಡನೆ ತಿಂದು ಮುಗಿಸುವುದು.

ಡೇರಾದ ಯಜಮಾನಿಕೆ ‘ಸರದಾರ’ನದು. ಕೆಲವೊಮ್ಮೆ ಅವನೇ ಮಾಲೀಕ, ಹೆಚ್ಚಿನ ಸಂದರ್ಭಗಳಲ್ಲಿ ಮಾಲೀಕನ ಪರವಾಗಿ ಗಾಡಿಗಳ ಉಸ್ತುವಾರಿ ನೋಡುವವನು. ಯಾರಿಗೆ ಯಾವ ಗಾಡಿ ಎಂದು ಗೊತ್ತುಮಾಡುವುದು, ದಿನದ ಬಾಡಿಗೆ ವಸೂಲು ಮಾಡುವುದು, ಪೊಲೀಸರು ಗಾಡಿ ಹಿಡಿದರೆ ಬಿಡಿಸಿ ತರುವುದು ಅವನ ಕೆಲಸ. ಹೊಸಬನು ಊರಿನವರೊಬ್ಬರ ಮಾತಿನ ಮೇಲೆ ಅವನ ಬಳಿ ಬರುತ್ತಾನೆ. ಆ ಮಾತೇ ಜಾಮೀನು. ಜ್ವರ ಬಂದು ಮಲಗಿದಾಗ, ಊರಲ್ಲಿ ಸಾವಾದಾಗ ಕೈಗಡ ಕೊಡುವವನೂ ಸರದಾರನೇ. ಹೀಗಾಗಿ ಅವನನ್ನು ಕೇವಲ ಶೋಷಕನೆಂದು ಬಗೆಯುವುದು ಸುಲಭವಾದರೂ ಸರಿಯಾಗಲಾರದು. ವಸತಿ, ಸಾಲ, ವಿಳಾಸ, ರಕ್ಷಣೆ ಇವೆಲ್ಲವನ್ನೂ ನಗರದ ಸಂಸ್ಥೆಗಳು ಕೊಡದಿದ್ದಾಗ ಡೇರಾ ಕೊಟ್ಟಿದೆ; ಅದಕ್ಕೆ ತಕ್ಕ ಬೆಲೆಯನ್ನೂ ವಸೂಲು ಮಾಡಿದೆ. ಡೇರಾ ಒಡೆದರೆ ಕೆಲಸವೊಂದೇ ಅಲ್ಲ, ಸೂರೂ ಹೋಗುತ್ತದೆ. ಪುನರ್ವಸತಿಯ ಯೋಜನೆಗಳಲ್ಲಿ ಈ ಅಂಶಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ದುಡಿಮೆಯ ಸ್ವರೂಪ

ಗಾಡಿಯು ಮರದ್ದು. ಎತ್ತರವಾದ ಎರಡು ಮರದ ಗಾಲಿಗಳು, ಅವುಗಳ ಅಚ್ಚಿನ ಮೇಲೆ ಪೀಠ, ಮುಂದಕ್ಕೆ ಚಾಚಿದ ಎರಡು ಮೂಕಿಗಳು. ಎಳೆಯುವವನು ಮೂಕಿಗಳ ನಡುವೆ ನಿಂತು ಅವುಗಳನ್ನು ಎತ್ತಿದಾಗ ಪ್ರಯಾಣಿಕನ ಭಾರ ಅಚ್ಚಿನ ಮೇಲೆ ಕೂರುತ್ತದೆ. ಭಾರ ತುಸು ಹಿಂದಕ್ಕೆ ವಾಲಿದರೆ ಮೂಕಿಗಳು ಮೇಲೇಳುತ್ತವೆ, ಮುಂದಕ್ಕೆ ವಾಲಿದರೆ ತೋಳುಗಳನ್ನು ಜಗ್ಗುತ್ತವೆ. ಈ ಸಮತೋಲ ಕೈಗೆ ಹತ್ತುವವರೆಗೆ ಹೊಸಬನ ಅಂಗೈ, ಹೆಗಲು, ಸೊಂಟಗಳು ನೋಯುತ್ತಲೇ ಇರುತ್ತವೆ. ಗಾಡಿಗೆ ತಡೆಯಂಬುದೇ ಇಲ್ಲ. ನಿಲ್ಲಿಸಬೇಕಾದಾಗ ಹಿಮ್ಮಡಿಯೂರಿ ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಬೇಕು. ಬೆರಳಿಗೆ ಸಿಕ್ಕಿಸಿಕೊಂಡ ಚಿಕ್ಕ ಹಿತ್ತಾಳೆ ಗಂಟೆಯನ್ನು ಮೂಕಿಗೆ ಬಡಿದು ಸದ್ದು ಮಾಡುವುದೇ ಅವನ ಹಾರ್ನ್. ಬರಿಗಾಲಲ್ಲಿ, ಇಲ್ಲವೇ ರಬ್ಬರ್ ಚಪ್ಪಲಿಯಲ್ಲಿ, ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೆ, ವಾಹನಗಳ ಹೊಗೆಯ ನಡುವೆ ಓಡುವ ಈ ದುಡಿಮೆ ಶ್ವಾಸಕೋಶ, ಕೀಲು, ಪಾದಗಳನ್ನು ಬೇಗ ಸವೆಸುತ್ತದೆ. ಕಿಕ್ಕಿರಿದ ವಸತಿಯಲ್ಲಿ ಕ್ಷಯರೋಗದ ಭಯ ಸದಾ ಇರುವಂಥದು. ಮಲಗಿದ ದಿನ ಸಂಪಾದನೆಯಿಲ್ಲ.

ಗಾಡಿಯನ್ನು ಎಳೆಯುವವನದು ಗಾಡಿಯಲ್ಲ ಎಂಬುದೇ ಈ ಆರ್ಥಿಕತೆಯ ತಿರುಳು. ಮಾಲೀಕನಿಗೆ ದಿನಕ್ಕಿಷ್ಟೆಂದು ಬಾಡಿಗೆ ಕೊಟ್ಟೇ ತೀರಬೇಕು. ಗಿರಾಕಿ ಬರಲಿ ಬಿಡಲಿ, ನಷ್ಟದ ಹೊಣೆ ಎಳೆಯುವವನದು. ಒಂದೇ ಗಾಡಿಯನ್ನು ಹಗಲು ಒಬ್ಬ, ಸಂಜೆಯಿಂದ ಮತ್ತೊಬ್ಬ ಪಾಳಿಯಲ್ಲಿ ಎಳೆಯುವುದೂ ಉಂಟು. 2005-06ರ ವೇಳೆಗೆ ಪರವಾನಗಿ ಹೊಂದಿದ ಗಾಡಿಗಳು ಸುಮಾರು 6,000 ಎಂದೂ ಎಳೆಯುವವರು ಸುಮಾರು 18,000 ಎಂದೂ ಅಂದಾಜುಗಳು ಪ್ರಚಲಿತವಿದ್ದವು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಬಹಳಷ್ಟನ್ನು ಹೇಳುತ್ತದೆ: ಕಡತದಲ್ಲಿರುವ ಒಂದು ಗಾಡಿಯ ಹಿಂದೆ ಕಡತದಲ್ಲಿಲ್ಲದ ಹಲವು ಜನ.

ಗಿರಾಕಿಗಳು ಯಾರು ಎಂಬುದೂ ಪರಿಶೀಲನಾರ್ಹ. ವಿದೇಶೀ ಪ್ರವಾಸಿಗರು ಅಲ್ಲೊಬ್ಬ ಇಲ್ಲೊಬ್ಬ. ನಿತ್ಯದ ಗಿರಾಕಿಗಳು ಶಾಲೆಗೆ ಹೋಗುವ ಮಕ್ಕಳು, ಪೇಟೆಗೆ ಹೊರಟ ಗೃಹಿಣಿಯರು, ವೈದ್ಯರ ಬಳಿಗೆ ಹೋಗುವ ವೃದ್ಧರು, ಸರಕು ಸಾಗಿಸುವ ಸಣ್ಣ ಅಂಗಡಿಕಾರರು. ಬೌಬಜಾರ್, ಬಡಾಬಜಾರ್ ಮೊದಲಾದೆಡೆಯ ಇಕ್ಕಟ್ಟಾದ ಗಲ್ಲಿಗಳಿಗೆ ಬೇರೆ ವಾಹನ ನುಗ್ಗದು. ಮಳೆಗಾಲದಲ್ಲಿ ಠನ್ಠನಿಯಾ, ಕಾಲೇಜ್ ಸ್ಟ್ರೀಟ್ ಸುತ್ತಮುತ್ತ ಮೊಣಕಾಲು ಮಟ್ಟ ನೀರು ನಿಂತಾಗ ಟ್ಯಾಕ್ಸಿಗಳು ಕೆಟ್ಟು ನಿಲ್ಲುತ್ತವೆ; ಎಂಜಿನ್ನಿಲ್ಲದ, ಎತ್ತರದ ಗಾಲಿಯ ಈ ಗಾಡಿಯೊಂದೇ ಚಲಿಸುತ್ತದೆ. ಆ ದಿನಗಳಲ್ಲಿ ದರ ಏರುತ್ತದೆ. ತೆರೆದ ಗುಂಡಿಗಳು ಕಾಣದ ಆ ನೀರಿನಲ್ಲಿ ಕಾಲಿಡುವವನು ಪಡೆಯುವ ಹೆಚ್ಚಿನ ದರವನ್ನು ದುರಾಸೆಯೆನ್ನುವುದು ಒಣ ಪೀಠದ ಮೇಲೆ ಕುಳಿತವರ ಮಾತು.

ನಿಷೇಧದ ಇತಿಹಾಸ

1980ರ ದಶಕದ ಆರಂಭದಲ್ಲಿ ಪರವಾನಗಿಯಿಲ್ಲದ ಸಾವಿರಾರು ಗಾಡಿಗಳನ್ನು ವಶಪಡಿಸಿಕೊಳ್ಳಲಾಯಿತು. ತಮಿಳುನಾಡು ಅದಕ್ಕೆ ಮುಂಚೆ, 1973ರಲ್ಲಿಯೇ, ಕೈರಿಕ್ಷಾಗಳನ್ನು ನಿಲ್ಲಿಸಿತ್ತು. ಪಶ್ಚಿಮ ಬಂಗಾಳದಲ್ಲಿ 2005ರ ಆಗಸ್ಟ್ 15ರಂದು ಅಂದಿನ ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯ ಅವರು ಈ ಅಮಾನವೀಯ ಪದ್ಧತಿಯನ್ನು ಕೊನೆಗಾಣಿಸುವುದಾಗಿ ಘೋಷಿಸಿದರು. 2006ರ ಡಿಸೆಂಬರಿನಲ್ಲಿ ವಿಧಾನಸಭೆಯು 1919ರ ಕಾಯಿದೆಗೆ ತಿದ್ದುಪಡಿ ಅಂಗೀಕರಿಸಿತು. ಅದನ್ನು ಪ್ರಶ್ನಿಸಿ ಬಾಧಿತರು ನ್ಯಾಯಾಲಯಕ್ಕೆ ಹೋದರು. ನಿಷೇಧ ಜಾರಿಗೆ ಬರಲಿಲ್ಲ. ಆದರೆ ಪರವಾನಗಿಗಳ ನವೀಕರಣವೂ ನಿಂತುಹೋಯಿತು. ನಿಷೇಧವೂ ಇಲ್ಲದ, ಅನುಮತಿಯೂ ಇಲ್ಲದ ಈ ತ್ರಿಶಂಕು ಸ್ಥಿತಿಯೇ ಬಹುಶಃ ಎಲ್ಲಕ್ಕಿಂತ ಕೆಟ್ಟ ಪರಿಣಾಮ ಬೀರಿತು. ಗಾಡಿ ಬೀದಿಯಲ್ಲಿದೆ, ಕಡತದಲ್ಲಿಲ್ಲ. ಆದ್ದರಿಂದ ಅದನ್ನು ಎಂದಾದರೂ ಹಿಡಿಯಬಹುದು.

ಇತರೆಡೆಯ ಅನುಭವಗಳು ಭಿನ್ನ ದಾರಿಗಳನ್ನು ತೋರಿಸುತ್ತವೆ. ಪಂಜಾಬಿನ 1975ರ ಸೈಕಲ್ ರಿಕ್ಷಾ ಕಾಯಿದೆಯು ಗಾಡಿಯ ಒಡೆಯನೇ ತುಳಿಯತಕ್ಕದ್ದೆಂದು ವಿಧಿಸಿದಾಗ, ಬಾಡಿಗೆಗೆ ತುಳಿಯುತ್ತಿದ್ದವರು ಕೆಲಸ ಕಳೆದುಕೊಳ್ಳುವ ಭೀತಿಗೊಳಗಾದರು. ಅಮೃತಸರದ ಆಜಾದ್ ರಿಕ್ಷಾ ಪುಲ್ಲರ್ಸ್ ಯೂನಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1980ರಲ್ಲಿ ಕಂಡುಕೊಂಡ ಪರಿಹಾರವೆಂದರೆ, ತುಳಿಯುವವನು ಬ್ಯಾಂಕ್ ಸಾಲದ ನೆರವಿನಿಂದ ಗಾಡಿಯನ್ನು ಕೊಳ್ಳುವಂತೆ ಮಾಡುವುದು. ಗುವಾಹಾಟಿಯಲ್ಲಿ 2004ರಲ್ಲಿ ಆರಂಭವಾದ ‘ರಿಕ್ಷಾ ಬ್ಯಾಂಕ್’ ಇದೇ ತತ್ತ್ವವನ್ನು ದಿನಗಂತಿನ ಮೂಲಕ ಕಾರ್ಯಗತಗೊಳಿಸಿತು. ದೆಹಲಿ ಹೈಕೋರ್ಟು 2010ರಲ್ಲಿ, ನಗರದ ಸೈಕಲ್ ರಿಕ್ಷಾಗಳ ಸಂಖ್ಯೆಯನ್ನು 99,000ಕ್ಕೆ ಮಿತಿಗೊಳಿಸಿದ್ದ ನಿಯಮವನ್ನು ರದ್ದುಪಡಿಸಿತು. ಮುಂಬಯಿ ಸಮೀಪದ ಮಾಥೇರಾನ್ ಗಿರಿಧಾಮದ ಕೈರಿಕ್ಷಾಗಳ ಬಗ್ಗೆ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ಅಮಾನವೀಯವೆಂದು ಕರೆದು, ಆರು ತಿಂಗಳೊಳಗೆ ಹಂತಹಂತವಾಗಿ ನಿಲ್ಲಿಸುವಂತೆಯೂ ಎಳೆಯುವವರಿಗೆ ವಿದ್ಯುತ್ ರಿಕ್ಷಾಗಳ ಮೂಲಕ ಬದಲಿ ಜೀವನೋಪಾಯ ಕಲ್ಪಿಸುವಂತೆಯೂ ಆದೇಶಿಸಿತು.

ಮಾಥೇರಾನಿನ ದಾರಿಯನ್ನು ಕೋಲ್ಕತ್ತಕ್ಕೆ ಹಾಗೆಯೇ ಅನ್ವಯಿಸುವುದು ಕಷ್ಟ. ಅದು ನೂರರ ಆಸುಪಾಸಿನ ಗಾಡಿಗಳ ಚಿಕ್ಕ ಊರು. ಎಳೆಯುವವರು ಯಾರೆಂಬುದು ಊರಿಗೇ ಗೊತ್ತು. ಕೋಲ್ಕತ್ತದ ಶ್ರಮಿಕನ ಮತದಾರರ ಚೀಟಿ, ಪಡಿತರ ಚೀಟಿ, ಮನೆ ಎಲ್ಲವೂ ಬಿಹಾರದಲ್ಲಿವೆ. ಶ್ರಮಿಕ ಕಾನೂನುಗಳೂ ಅವನನ್ನು ತಲುಪುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು. 2020ರ ಸಂಹಿತೆಯು ತಾನಾಗಿ ಬಂದ ವಲಸೆಗಾರನನ್ನೂ ಒಳಗೊಂಡಿದೆಯಾದರೂ ಒಂದು ಸಂಸ್ಥೆಯನ್ನೂ ಒಬ್ಬ ಉದ್ಯೋಗದಾತನನ್ನೂ ಅಪೇಕ್ಷಿಸುತ್ತದೆ. ರಿಕ್ಷಾದವನಿಗೆ ಉದ್ಯೋಗದಾತನಿಲ್ಲ, ಇರುವುದು ಗಾಡಿಯನ್ನು ಬಾಡಿಗೆಗೆ ಕೊಟ್ಟ ಮಾಲೀಕ. ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆಯಿಂದ ದೊರೆತಂತಹ ರಕ್ಷಣೆ ರಿಕ್ಷಾದವರಿಗೆ ದೊರೆತಿಲ್ಲ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ ಅವನು ಅರ್ಹನೇನೋ ಹೌದು, ಆದರೆ ನೋಂದಣಿಯು ಪರವಾನಗಿಯಾಗದು.

2020ರ ಮಾರ್ಚಿನ ಲಾಕ್‌ಡೌನ್ ಈ ಸ್ಥಿತಿಯನ್ನು ಬಯಲಿಗಿಟ್ಟಿತು. ಶಾಲೆ, ಪೇಟೆ ಮುಚ್ಚಿದೊಡನೆ ಗಳಿಕೆ ಶೂನ್ಯವಾಯಿತು. ಪಡಿತರ ಚೀಟಿ ಊರಲ್ಲಿತ್ತು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಪಶ್ಚಿಮ ಬಂಗಾಳ ಸೇರಿದ್ದು 2021ರಲ್ಲಿ.

ಈಗ ಮೂಕಿ ಹಿಡಿದವರಲ್ಲಿ ನರೆತ ತಲೆಗಳೇ ಹೆಚ್ಚು. ಅವರ ಮಕ್ಕಳು ಈ ಕಸಬಿಗೆ ಬರುತ್ತಿಲ್ಲ. ಪಂಜಾಬಿನ ಹೊಲಗಳಿಗೆ, ದೆಹಲಿ, ಕೇರಳಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ ಹೊರಟಿದ್ದಾರೆ. ಕೋಲ್ಕತ್ತದ ಹೊರವಲಯದಲ್ಲಿ ‘ಟೊಟೊ’ ಎಂದು ಕರೆಯುವ ವಿದ್ಯುತ್ ರಿಕ್ಷಾಗಳು ತುಂಬಿಕೊಂಡಿವೆ. ಅರವತ್ತರ ಹರೆಯದಲ್ಲಿ ಸಾಲ ಮಾಡಿ ಟೊಟೊ ಕೊಳ್ಳುವ, ಚಾಲನಾ ಪರವಾನಗಿ ಪಡೆಯುವ ಧೈರ್ಯ ಹಳಬರಿಗಿಲ್ಲ. ಸರ್ಕಾರವು ಪರಿಹಾರವನ್ನು ಘೋಷಿಸಿದರೂ ಹಳೆಯ ಕಡತ ತೆರೆದಾಗ ಸಿಗುವ ಹೆಸರು ಮಾಲೀಕನದು. ಎಳೆದವನ ಹೆಸರು ಇರುವುದು ಸರದಾರನ ಬಾಡಿಗೆ ಪುಸ್ತಕದಲ್ಲಿ, ಅದೂ ಅನೇಕ ಕಡೆ ಊರಿನ ಹೆಸರಿನೊಂದಿಗೆ ಮಾತ್ರ.