ಟೀವಿಯ ಮುಂದೆ ತಂದೆಯ ಕೆಮ್ಮು

ಒಂದೇ ಕೋಣೆಯ ನಮ್ಮ ಮನೆಗಳಲ್ಲಿ ಟೀವಿಯಲ್ಲಿ ಗರ್ಭನಿರೋಧದ ಮಾತು ಬಂತೆಂದರೆ ತಂದೆ ಕೆಮ್ಮುತ್ತಾರೆ, ತಾಯಿ ಒಲೆಯ ಕಡೆ ತಿರುಗುತ್ತಾರೆ. ಅಮೆರಿಕದ ಮನೆಗಳಲ್ಲೂ ಈ ಸಂಕೋಚ ಇಲ್ಲದಿಲ್ಲ. ಅಲ್ಲಿ 2009ರಲ್ಲಿ ಎಂ.ಟಿ.ವಿ.ಯವರು ‘ಸಿಕ್ಸ್‌ಟೀನ್ ಅಂಡ್ ಪ್ರೆಗ್ನೆಂಟ್’ ಎಂಬ ಕಾರ್ಯಕ್ರಮ ಆರಂಭಿಸಿ, ಕಂತಿಗೊಬ್ಬಳಂತೆ ಬಸುರಾದ ಹುಡುಗಿಯರ ನಿಜವಾದ ಬಾಳನ್ನು ತೋರಿಸಿದರು: ನಿದ್ದೆಗೆಟ್ಟ ರಾತ್ರಿಗಳು, ಕುಂಟಿದ ಓದು, ಜಗಳವಾಡುವ ಹುಡುಗ. ಹತ್ತು ಉಪದೇಶಗಳಿಗಿಂತ ಇದು ಹೆಚ್ಚು ನಾಟೀತೆಂಬುದು ನಮ್ಮ ಎಣಿಕೆ.

ಕಂತು ಪ್ರಸಾರವಾದಾಗ ಗರ್ಭನಿರೋಧದ ಬಗ್ಗೆ ಅಂತರಜಾಲದಲ್ಲಿ ಹುಡುಕುವವರು ಹೆಚ್ಚಿದರೆಂದು ಕಿಯರ್ನಿ, ಲೆವೀನ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಬರೆದರು. ಕಾರ್ಯಕ್ರಮದ ಪ್ರಭಾವದಿಂದ ಮುಂದಿನ 18 ತಿಂಗಳಲ್ಲಿ ಹದಿಹರೆಯದ ಹೆರಿಗೆಗಳು ಶೇಕಡಾ 5.7ರಷ್ಟು ತಗ್ಗಿದವೆಂದೂ ಅಂದಾಜಿಸಿದರು. ಬೇರೆ ಅರ್ಥಶಾಸ್ತ್ರಜ್ಞರು ಈ ಅಂದಾಜನ್ನು ಒಪ್ಪಲಿಲ್ಲ.

ಲೆಕ್ಕ ಹೇಗಾದರೂ ಇರಲಿ, ಪ್ರಶ್ನೆಗಳು ನಮ್ಮ ಮಕ್ಕಳಲ್ಲೂ ಹುಟ್ಟುತ್ತವೆ. ನಾವು ಬಾಯಿ ಬಿಡದಿದ್ದರೆ ಉತ್ತರ ಗಲ್ಲಿಯ ಗೆಳೆಯರಿಂದ ಬರುತ್ತದೆ. ಮೊದಲ ಸಲಕ್ಕೆ ಬಸುರಾಗದೆಂಬ ಮಾತು ಅಂಥದೊಂದು; ಅದು ಸುಳ್ಳು, ಮೊದಲ ಸಲವೂ ಆಗಬಹುದು. ಕಾಂಡೋಮನ್ನು ಸರಿಯಾಗಿ ಬಳಸಿದರೆ ಬಸುರನ್ನೂ ಅನೇಕ ಸೋಂಕುಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಇದನ್ನು ಹೇಳಲು ನಾಲಿಗೆ ಏಳದ ತಂದೆತಾಯಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹದಿಹರೆಯದವರಿಗೆಂದೇ ಸಲಹಾ ಕೇಂದ್ರಗಳು ಹಲವೆಡೆ ಇವೆ.